ರಂಗಣ್ಣನವರ ಒಂದನೇ ನಂಬರು

ಕೊಂಕಲ್ಲಿನ ಶಾಲೆಯ ಹಾಜರಿ ಪುಸ್ತಕದಲ್ಲಿ ರಂಗಣ್ಣನವರ ನಂಬರು ಎರಡು. ಒಂದನೆಯವನು ಹೆಡ್‌ಮಾಸ್ತರರ ಮಗ. ಮನೆಯಲ್ಲೂ ಅವರು ಎರಡನೆಯವರೇ. ಅಣ್ಣನಿಗೆ ಹೊಲಿಸಿದ ಅಂಗಿ ಎರಡು ವರ್ಷ ತಡವಾಗಿ ಅವರ ಮೈಮೇಲೆ ಬರುತ್ತಿತ್ತು, ಬರುವಾಗ ಮೇಲಿನ ಗುಂಡಿ ಇರುತ್ತಿರಲಿಲ್ಲ. ಮುಂದೆ ಸರ್ಕಾರಿ ನೌಕರಿ ಸಿಕ್ಕಿತು, ಆದರೆ ಆದೇಶದಲ್ಲಿ ‘ದ್ವಿತೀಯ ದರ್ಜೆ ಸಹಾಯಕ’ ಎಂದಿತ್ತು. ಮದುವೆಯಾದದ್ದು ಸಾಮೂಹಿಕ ವಿವಾಹದಲ್ಲಿ, ಎರಡನೇ ಜೋಡಿಯಾಗಿ. ಮೊದಲ ಜೋಡಿಯ ಮೇಲೆ ಬಿದ್ದಷ್ಟು ಅಕ್ಕಿಕಾಳು ತಮ್ಮ ಮೇಲೆ ಬೀಳಲಿಲ್ಲವೆಂಬ ಸಂಶಯ ಅವರಿಗೆ ಇಂದಿಗೂ ಇದೆ. ಇದನ್ನೆಲ್ಲ ಅವರು ಯಾರ ಮುಂದೆಯೂ ಹೇಳಿಕೊಂಡವರಲ್ಲ. ಹೇಳಿಕೊಳ್ಳದೆ ಇದ್ದದ್ದರಿಂದಲೇ ಅದು ಇಷ್ಟು ವರ್ಷ ಕೆಡದೆ ಉಳಿದಿತ್ತು.

ಈಗ ಅವರು ಭೀಮರಾಯನಗುಡಿ ಕ್ಯಾಂಪಿನ ಒಂದು ಸಣ್ಣ ನೀರಾವರಿ ಕಚೇರಿಯಲ್ಲಿ ಪ್ರಭಾರಿ ಅಧೀಕ್ಷಕರು. ಹಿಂದಿನವರು ವರ್ಗವಾಗಿ ಹೋದ ಮೇಲೆ ಆ ಕುರ್ಚಿಗೆ ಬೇರೆ ಯಾರೂ ಬರಲಿಲ್ಲವಾಗಿ ಇವರು ಕೂತರು. ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಇಂಜಿನಿಯರ್ ಸಾಹೇಬರು ಕಾಲುವೆಯ ಮೇಲೆ, ಇಲ್ಲವೇ ಯಾದಗಿರಿಯ ಮೀಟಿಂಗಿನಲ್ಲಿ ಇರುವವರು. ಹಾಗಾಗಿ ಸಿಬ್ಬಂದಿಯ ಹಾಜರಿ ಪುಸ್ತಕದ ಮೊದಲ ಸಾಲು ರಂಗಣ್ಣನವರದು. ಆ ಸಾಲಿನಲ್ಲಿ ಅವರು ಹಾಕುವ ಸಹಿ ಕೆಳಗಿನ ಸಾಲಿನ ಅಂಗಳಕ್ಕೂ ಇಳಿಯುತ್ತಿತ್ತು. ಕೆಳಗಿನ ಸಾಲು ಭುವನೇಶ್ವರಿಯದು. ಪ್ರಥಮ ದರ್ಜೆ ಸಹಾಯಕಿ, ಬಾಯಿ ಸ್ವಲ್ಪ ಖಾರ.

“ಸರ್ರ, ನಿಮ್ಮ ಸಹಿದ ಬಾಲ ನನ್ನ ಖಾನೆದಾಗ ಬಂದದ. ನಾ ಎಲ್ಲಿ ಸಹಿ ಮಾಡ್ಲಿರಿ?”

“ಜರಾ ಹೊಂದಿಸ್ಕೊಳ್ರಿ ಮೇಡಂ. ಇನ್ನ ನಾಕ ತಿಂಗಳ ಅಷ್ಟ.”

ರಂಗಣ್ಣನವರ ಮೇಜಿನ ಮೇಲೆ ಅನೇಕ ಕಡತಗಳಿದ್ದವು. ಒಂದು ಮಾತ್ರ ಎಡಗೈಯ ಹತ್ತಿರ, ಬೇರೆಯವುಗಳಿಗೆ ತಾಗದಂತೆ ಇರುತ್ತಿತ್ತು. ಅದು ದಸ್ತಗೀರನ ಮಗಳು ಸಬಾಳ ಅನುಕಂಪದ ನೌಕರಿಯದು. ದಸ್ತಗೀರ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದವನು. ರಂಗಣ್ಣನವರು ಮೊದಲ ಸಲ ಕ್ಯಾಂಪಿಗೆ ಬಂದಾಗ ಅವರಿಗೆ ಕೋಣೆ ಹುಡುಕಿಕೊಟ್ಟವನು, ಇಪ್ಪತ್ತು ವರ್ಷ ಅವರೊಡನೆ ಡಬ್ಬಿ ಬಿಚ್ಚಿ ಕೂತವನು. ಮೂರು ವರ್ಷದ ಹಿಂದೆ ಗೇಟಿನ ಮೇಲೆಯೇ ಎದೆ ಹಿಡಿದುಕೊಂಡು ಕುಸಿದ. ಮಣ್ಣಿಗೆ ಹೋದ ದಿನ ರಂಗಣ್ಣನವರು ಅವನ ಹೆಂಡತಿ ಮದೀನಾಬೀಗೆ, “ಹುಡುಗಿ ನೌಕರಿ ಕಾಗದ ನಾ ನೋಡ್ಕೋತೀನಿ” ಎಂದಿದ್ದರು. ಸಬಾಳಿಗೆ ಹದಿನೆಂಟು ತುಂಬುವವರೆಗೆ ಕಾದದ್ದಾಯಿತು. ಆಮೇಲೆ ಒಂದೊಂದೇ ಕಾಗದ ಕೂಡಿಸಿದ್ದಾಯಿತು. ಇನ್ನು ಉಳಿದದ್ದು ಒಂದೇ: ಅಣ್ಣ ಶಾರುಖ್ ‘ತಂಗಿಗೆ ನೌಕರಿ ಕೊಡಲು ನನ್ನ ತಕರಾರಿಲ್ಲ’ ಎಂದು ನೋಟರಿ ಮುಂದೆ ಸಹಿ ಹಾಕಬೇಕು. ಅವನು ಪುಣೆಯಲ್ಲಿ ನೆಲಕ್ಕೆ ಫರಸಿ ಹಾಕುವ ಕೆಲಸದಲ್ಲಿದ್ದ. ಬುಧವಾರ ಬೆಳಿಗ್ಗೆ ಬರುತ್ತೇನೆಂದಿದ್ದ. ಅರ್ಜಿ ಏರಿಸುವ ಸರ್ಕಾರಿ ಪೋರ್ಟಲ್ ಮುಚ್ಚುವುದೂ ಬುಧವಾರವೇ, ಸಂಜೆ ಐದಕ್ಕೆ. ಅಂದು ಹೋಗದಿದ್ದರೆ ಅರ್ಜಿ ಅವಧಿ ಮೀರಿದ್ದು. ಅವಧಿ ಮೀರಿದ ಅರ್ಜಿಗೆ ಯಾವ ದಾರಿಯೂ ಇಲ್ಲವೆಂಬುದು ರಂಗಣ್ಣನವರಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ಅಂಥ ಎಷ್ಟೋ ಅರ್ಜಿಗಳ ಮೇಲೆ ಅವರೇ ಹಾಗೆ ಬರೆದಿದ್ದರು.

ಆ ವಾರದ ಸೋಮವಾರ ಮೆಹಬೂಬ ಬಂದ. ಶಹಾಪುರ ಬಸ್‌ಸ್ಟ್ಯಾಂಡಿನ ಹತ್ತಿರ ಕಂಪ್ಯೂಟರ್ ರಿಪೇರಿ ಅಂಗಡಿ ಅವನದು. ಕಚೇರಿಯ ಹಳೆಯ ರೂಟರ್ ಸಿಡಿಲಿಗೆ ಸುಟ್ಟಿತ್ತು. ಹೊಸದನ್ನು ಅಲ್ಮೇರಾದ ಮೇಲೆ ಕೂರಿಸಿ, ವೈರು ಎಳೆದು, ಒಂದೊಂದೇ ಕಂಪ್ಯೂಟರಿನ ಮುಂದೆ ಕೂತ.

“ಇಲ್ಲಿತನಕ ಪೆಟ್ಟಿಗಿ ತನ್ನ ಮನಸಿಗೆ ಬಂದ ನಂಬರ್ ಕೊಡ್ತಿತ್ತರಿ. ಇವತ್ತೊಂದು, ನಾಳಿಗೊಂದು. ಪ್ರಿಂಟರ್ ನಂಬರೂ ಹಂಗ. ಅದಕ್ಕ ನಿಮ್ಮ ಕಾಗದಕ್ಕ ಪ್ರಿಂಟರ್ ಸಿಗ್ತಿದ್ದಿಲ್ಲ. ಈಗ ಎಲ್ಲಾರಿಗೂ ಪಕ್ಕಾ ನಂಬರ್ ಹಾಕಿಬಿಡ್ತೀನಿ, ಮನಿ ನಂಬರ್ ಇದ್ದಂಗ.”

ರಂಗಣ್ಣನವರು ಕೈ ಹಿಂದೆ ಕಟ್ಟಿಕೊಂಡು ಅವನ ಬೆನ್ನ ಹಿಂದೆ ನಿಂತು ನೋಡಿದರು. ಕಲಿಯುವ ಆಸೆಯೆಂದು ಮೆಹಬೂಬ ತಿಳಿದ. ತಪಾಸಣೆಯೆಂದು ಅವರು ತಿಳಿದಿದ್ದರು. ಪರದೆಯಲ್ಲಿ ನಾಲ್ಕು ಖಾನೆ. ನೂರಾ ತೊಂಬತ್ತೆರಡು, ನೂರಾ ಅರವತ್ತೆಂಟು, ಒಂದು. ಈ ಮೂರೂ ಎಲ್ಲರಿಗೂ ಒಂದೇ, ಜಿಲ್ಲೆ ತಾಲೂಕು ಊರು ಇದ್ದ ಹಾಗೆ. ನಾಲ್ಕನೇ ಖಾನೆಯದಷ್ಟೇ ಅವರವರ ಸ್ವಂತದ್ದು. ಕೆಳಗೆ ಇನ್ನೊಂದು ವಿಳಾಸವಿತ್ತು, ಹೊರಗೆ ಹೋಗುವ ದಾರಿಯದು. ಅಲ್ಲಿ ಎಲ್ಲರ ಕಂಪ್ಯೂಟರಿನಲ್ಲೂ ಮೆಹಬೂಬ ಕೊನೆಗೆ ಒಂದು ಎಂದೇ ಹೊಡೆದ. ಕೆಲಸ ಮುಗಿಸಿ ಒಂದು ಹಾಳೆಯಲ್ಲಿ ಪಟ್ಟಿ ಬರೆದು ಗೋಡೆಗೆ ಅಂಟಿಸಿದ: ರೂಟರ್ ಒಂದು, ರಂಗಣ್ಣ ಸರ್ ಎರಡು, ಭುವನೇಶ್ವರಿ ಮೇಡಂ ಮೂರು, ಮರಿಲಿಂಗ ನಾಲ್ಕು, ಪ್ರಿಂಟರ್ ಹತ್ತು. ಮರಿಲಿಂಗನೆಂದರೆ ಟಪಾಲು ನೋಡುವ ಗುಮಾಸ್ತ, ಮಾತು ಕಡಿಮೆ, ತಲೆ ಆಡಿಸುವುದು ಹೆಚ್ಚು.

ರಂಗಣ್ಣನವರು ಕನ್ನಡಕ ಸರಿಪಡಿಸಿಕೊಂಡು ಪಟ್ಟಿ ಓದಿದರು.

“ಈ ಒಂದನೇದು ಯಾರ್ದು?”

“ಅದು ಪೆಟ್ಟಿಗಿದ್ರಿ ಸಾಹೇಬ್ರ.”

ಎರಡು ಕಿವಿ ನಿಗುರಿಸಿಕೊಂಡು ಅಲ್ಮೇರಾದ ಮೇಲೆ ಕೂತಿದ್ದ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಅವರು ನೋಡಿದರು. ಅದು ಹಸಿರು ದೀಪ ಪಿಳಿಪಿಳಿ ಮಾಡಿತು.

“ಅದಕ್ಕ ಹತ್ತು ಕೊಡು, ಹನ್ನೊಂದು ಕೊಡು. ಇವತ್ತ ಬಂದದ್ದು ಅದು. ನಾ ಮೂವತ್ತಾರು ವರ್ಷ ಸರ್ವಿಸ್ ಮಾಡೀನಿ.”

“ಹಂಗ ಮಾಡಬ್ಯಾಡ್ರಿ. ಲೈನ್ ಕೊಟ್ಟವ್ರು ಹಾಕಿದ ನಂಬರ್ ಅದು, ಮುಟ್ಟಬ್ಯಾಡಂತ ಹೇಳ್ಯಾರ. ನಂಬರದಾಗ ಏನದರಿ? ಎರಡೂ ಚೊಲೊನ ಅದ.”

ಎರಡೂ ಚೊಲೊನೇ ಎಂದು ಅವರಿಗೆ ಮೊದಲು ಹೇಳಿದವರು ಕೊಂಕಲ್ಲಿನ ಹೆಡ್‌ಮಾಸ್ತರರು.

ಅಂದು ರಾತ್ರಿಯ ಊಟಕ್ಕೆ ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಮಲ್ಲಾಬಾಯಿಗೆ ವಿಷಯ ತಿಳಿಸಿದರು. ಆಕೆ ರೊಟ್ಟಿ ತಿರುವಿ ಹಾಕಿ, “ಡಬ್ಬಿ ಜೋಡಿ ಯಾರರ ಪಂಥ ಕಟ್ತಾರೇನ್ರಿ?” ಎಂದಳು.

“ಪಂಥ ಅಲ್ಲ. ಸೀನಿಯಾರಿಟಿ.”

“ಹಂಗಂದ್ರ ಅದಕ್ಕೂ ನಾಕ ತಿಂಗಳಕ್ಕ ರಿಟೈರ್ಮೆಂಟ್ ಅದ ಏನು?”

ಮಂಗಳವಾರ ಇಡೀ ದಿನ ಪಟ್ಟಿ ಗೋಡೆಯ ಮೇಲಿತ್ತು. ಬಂದ ರೈತರು, ಗುತ್ತಿಗೆದಾರರು ಎಲ್ಲರೂ ಅದನ್ನೇ ಓದುತ್ತಿದ್ದಾರೆಂದು ರಂಗಣ್ಣನವರಿಗೆ ಅನ್ನಿಸಿತು. ಬಂದವರು ಓದುತ್ತಿದ್ದದ್ದು ಪಕ್ಕದ ಕ್ಯಾಲೆಂಡರು.

ಬುಧವಾರ ಹನ್ನೊಂದಕ್ಕೆ ಕರೆಂಟು ಹೋಯಿತು. ಕಂಪ್ಯೂಟರುಗಳಿಗೆ ಯುಪಿಎಸ್ ಇತ್ತು. ಅಲ್ಮೇರಾದ ಮೇಲಿನ ಪೆಟ್ಟಿಗೆಗೆ ಇರಲಿಲ್ಲ. ಅದು ಕಣ್ಣು ಮುಚ್ಚಿತು. ರಂಗಣ್ಣನವರು ಅದರ ಕಡೆ ಒಮ್ಮೆ ನೋಡಿದರು. ಆಮೇಲೆ, ಮೆಹಬೂಬ ಒತ್ತಿದ್ದನ್ನೆಲ್ಲ ಒಂದೊಂದಾಗಿ ಒತ್ತುತ್ತ ಹೋಗಿ, ನಾಲ್ಕನೇ ಖಾನೆಯ ಎರಡನ್ನು ಅಳಿಸಿ ಒಂದು ಬರೆದರು. ಕಂಪ್ಯೂಟರು ಚಕಾರ ಎತ್ತಲಿಲ್ಲ. ಆ ನಂಬರಿನ ಖರೇ ಮಾಲೀಕ ಪ್ರಜ್ಞೆ ತಪ್ಪಿ ಮಲಗಿದ್ದಾಗ ಅದು ಯಾರನ್ನು ಕೇಳಬೇಕು? ಆದರೆ ರಂಗಣ್ಣನವರು ಅದನ್ನು ಸಮ್ಮತಿಯೆಂದು ತಿಳಿದರು.

ಇಲ್ಲಿಗೆ ನಿಂತಿದ್ದರೂ ಸರಿಯಿತ್ತು. ಆದರೆ ಮೂವತ್ತಾರು ವರ್ಷ ಸೇವಾ ನಿಯಮಗಳ ನಡುವೆ ಬದುಕಿದ ಮನುಷ್ಯ. ಮೇಲಿನವನಿಗೆ ಬಡ್ತಿಯಾದರೆ ಕೆಳಗಿನ ಜಾಗ ಖಾಲಿಯಾಗುತ್ತದೆ, ಖಾಲಿ ಬಿಟ್ಟರೆ ಕೆಳಗಿನವರಿಗೆ ಅನ್ಯಾಯ. ಅವರು ಎದ್ದು ನಿಂತು ಘೋಷಿಸಿದರು.

“ಭುವನೇಶ್ವರಿ ಮೇಡಂ, ಇವತ್ತಿನಿಂದ ನಿಮ್ದು ಎರಡನೇ ನಂಬರ್. ಮರಿಲಿಂಗ, ನಿಂದು ಮೂರು.”

“ಯಾಕ್ರಿ ಸರ್ರ, ಏನಾತು?”

“ಆಡಳಿತಾತ್ಮಕ ಕಾರಣ,” ಎಂದರು ರಂಗಣ್ಣನವರು. ಆ ಎರಡು ಶಬ್ದಗಳ ಮುಂದೆ ಆ ಕಚೇರಿಯಲ್ಲಿ ಇದುವರೆಗೆ ಯಾರೂ ಮರುಪ್ರಶ್ನೆ ಕೇಳಿರಲಿಲ್ಲ. ತಾವೇ ಇಬ್ಬರ ಕಂಪ್ಯೂಟರಿನ ಮುಂದೆಯೂ ಕೂತು ನಂಬರು ಬದಲಿಸಿಕೊಟ್ಟರು. ಹತ್ತು ನಿಮಿಷದಲ್ಲಿ ಕಚೇರಿಗೆ ಕಚೇರಿಯೇ ಬಡ್ತಿ ಪಡೆದಿತ್ತು. ಮರಿಲಿಂಗನಿಗೆ ಹದಿನಾಲ್ಕು ವರ್ಷದಲ್ಲಿ ಸಿಕ್ಕ ಮೊದಲ ಬಡ್ತಿ ಅದು. ಅವನು ನಾಚಿ ತಲೆ ಆಡಿಸಿದ.

ಹನ್ನೆರಡೂವರೆಗೆ ಕರೆಂಟು ಬಂತು. ಪೆಟ್ಟಿಗೆ ಪೂರಾ ಎಚ್ಚರಾಗಲು ಎರಡು ನಿಮಿಷ ಬೇಕು. ಅಷ್ಟರಲ್ಲಿ ರಂಗಣ್ಣನವರ ಕಂಪ್ಯೂಟರು ಒಂದನೇ ನಂಬರಿನ ಕುರ್ಚಿಯ ಮೇಲೆ ಟವೆಲ್ ಹಾಸಿಯಾಗಿತ್ತು. ಅಲ್ಲಿಂದ ನೆಟ್ ಬರುವುದು, ಹೋಗುವುದು ಶುರುವಾಯಿತು. ಊಟದ ಹೊತ್ತು, ಯಾರೂ ಅಷ್ಟು ಲಕ್ಷ್ಯ ಕೊಡಲಿಲ್ಲ.

ಎರಡೂವರೆಗೆ ಮದೀನಾಬೀ, ಸಬಾ ಬಂದರು. ಮದೀನಾಬೀಯ ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಚೀಲದೊಳಗೆ ನೋಟರಿಯ ಕಾಗದ.

“ಶಾರುಖ್ ಮುಂಜಾನಿ ಇಳದಾನ್ರಿ ಸಾಬ್. ಮಾರಿ ಸೈತ ತೊಳಿಲಿಲ್ಲ, ಸೀದಾ ನೋಟರಿ ಕಡಿ ಕರ್ಕೊಂಡು ಹೋದೆ. ಟೈಮ್ ಅದಲ್ರಿ?”

“ಬೇಕಾದಷ್ಟ ಅದ. ಕೂಡ್ರಿ ಬೆಹೆನ್. ಹತ್ತು ನಿಮಿಷದ ಕೆಲಸ.”

ಮರಿಲಿಂಗ ಕಾಗದ ಸ್ಕ್ಯಾನ್ ಮಾಡಿಕೊಟ್ಟ. ರಂಗಣ್ಣನವರು ಡಿಜಿಟಲ್ ಸಹಿಯ ಕೀಲಿಯನ್ನು ತಮ್ಮ ಕಂಪ್ಯೂಟರಿಗೆ ಚುಚ್ಚಿದರು. ಆ ಕೀಲಿ ಅವರ ಹೆಸರಿನದು, ಅವರ ಕಂಪ್ಯೂಟರಿನಲ್ಲಷ್ಟೇ ನಡೆಯುವುದು. ಪೋರ್ಟಲ್ ಕೂಡ ಕಚೇರಿಯ ಲೈನಿಗೆ ಮಾತ್ರ ಬಾಗಿಲು ತೆರೆಯುವಂಥದ್ದು, ಮೊಬೈಲ್ ನೆಟ್‌ಗೆ ಸೊಪ್ಪು ಹಾಕುತ್ತಿರಲಿಲ್ಲ. ಅವರು ಗತ್ತಿನಿಂದ ಗುಂಡಿ ಒತ್ತಿದರು. ಪರದೆಯ ಮೇಲೆ ದುಂಡನೆಯ ಗೆರೆ ತಿರುಗಿತು. ತಿರುಗುತ್ತಲೇ ಇತ್ತು.

ಮೂರಾಯಿತು. ಭುವನೇಶ್ವರಿಯ ಕಂಪ್ಯೂಟರಿನಲ್ಲಿ ನೆಟ್ ಒಂದು ಗಳಿಗೆ ಇರುತ್ತಿತ್ತು, ಒಂದು ಗಳಿಗೆ ಇರುತ್ತಿರಲಿಲ್ಲ. ಮರಿಲಿಂಗನದು ಅದೇ ಪಾಡು. ರಂಗಣ್ಣನವರದರಲ್ಲಿ ಮಾತ್ರ ಒಂದು ಗಳಿಗೆಯೂ ಇರಲಿಲ್ಲ. ವೈರು ಅಲುಗಿಸಿದರು. ಇಲಿ ಕಡಿದಿರಬಹುದೆಂದು ಅಲ್ಮೇರಾ ಸರಿಸಿದರು. ಅದರ ಹಿಂದೆ ಎರಡು ವರ್ಷದ ಹಿಂದೆ ಕಳೆದುಹೋಗಿದ್ದ ಟಪಾಲು ಪುಸ್ತಕ ಸಿಕ್ಕಿತು, ಇಲಿ ಸಿಗಲಿಲ್ಲ. ಮೆಹಬೂಬನಿಗೆ ಫೋನು ಹಚ್ಚಿದರು.

“ಬೋನಾಳದಾಗ ಅಂಗಡಿಗೆ ಕ್ಯಾಮೆರಾ ಹಾಕಾಕತ್ತೇನ್ರಿ ಸಾಹೇಬ್ರ. ಈಗ ಹೊಂಟರೂ ಬರೂದ್ರಾಗ ಐದು ದಾಟ್ತದ. ನಾ ಹಾಕಿದ ನಂಬರ್ ಯಾರರ ಮುಟ್ಯಾರೇನ್ರಿ?”

ರಂಗಣ್ಣನವರು ಸುತ್ತ ನೋಡಿದರು. ಭುವನೇಶ್ವರಿ, ಮರಿಲಿಂಗ, ಬೆಂಚಿನ ಮೇಲೆ ಮದೀನಾಬೀ, ಸಬಾ.

“ಇಲ್ಲಪಾ. ಯಾರು ಮುಟ್ತಾರ?”

ಇದು ಸುಳ್ಳೆಂದು ಅವರಿಗೆ ಅನ್ನಿಸಲಿಲ್ಲ. ಮುಟ್ಟುವುದು ಎಂದರೆ ಕೆಡಿಸುವುದು. ಅವರು ಮಾಡಿದ್ದು ಸರಿಪಡಿಸುವ ಕೆಲಸ.

ಮೂರೂವರೆಗೆ ತಲೆ ಕಾದು ಚಹಾಕ್ಕೆಂದು ಹೊರಗೆ ಹೋದರು. ಬೇವಿನ ಗಿಡದ ಕೆಳಗೆ ಅರ್ಧ ಕಪ್ಪು ಮುಗಿಸುವಷ್ಟರಲ್ಲಿ ಮರಿಲಿಂಗ ಓಡಿ ಬಂದು, “ನೆಟ್ ಬಂತ್ರಿ ಸರ್ರ!” ಎಂದ. ಕಪ್ಪು ಅಲ್ಲೇ ಇಟ್ಟು ಒಳಗೆ ಧಾವಿಸಿದರು. ಕುರ್ಚಿಯಲ್ಲಿ ಕೂತು, ಕಪ್ಪಾಗಿದ್ದ ಪರದೆಯನ್ನು ಎಬ್ಬಿಸಲು ಮೌಸ್ ಅಲುಗಿಸಿದರು.

“ಹೋತು,” ಎಂದಳು ಭುವನೇಶ್ವರಿ.

ಕಾಲು ಗಂಟೆಯ ಮೇಲೆ ಹಿತ್ತಲಿಗೆ ಹೋಗಿ ಬಂದರು. ಬರುವಷ್ಟರಲ್ಲಿ ನೆಟ್ ಬಂದಿತ್ತು. ಕೂತರು. ಹೋಯಿತು. ಸಬಾ ತಲೆ ತಗ್ಗಿಸಿ ದುಪಟ್ಟಾದ ಅಂಚು ಸುತ್ತುತ್ತಿದ್ದಳು. ಗೋಡೆಯ ಗಡಿಯಾರದಲ್ಲಿ ನಾಲ್ಕು ಹತ್ತು.

“ಸರ್ರ, ಒಂದು ಮಾತು ಹೇಳ್ತೀನಿ, ಸಿಟ್ಟಿಗೇಳಬ್ಯಾಡ್ರಿ,” ಎಂದಳು ಭುವನೇಶ್ವರಿ. “ನೀವು ಹೊರಗ ಹೋದ್ರ ನೆಟ್ ಬರ್ತದ. ಒಳಗ ಬಂದು ಕುಂತ್ರ ಹೋಗ್ತದ. ಎರಡು ಸಲ ನೋಡೀನಿ.”

“ಅಂದ್ರ? ನನ್ನ ಕಾಲ್ಗುಣ ಅಂತೀರೇನು?”

“ನಾ ಎಲ್ಲಿ ಅಂದೆ? ನೆಟ್ ಅನ್ನಾಕತ್ತದ.”

ಮರಿಲಿಂಗ ನಗು ತಡೆಯಲು ಟಪಾಲು ಪುಸ್ತಕದೊಳಗೆ ಮುಖ ಹುದುಗಿಸಿದ. ರಂಗಣ್ಣನವರಿಗೆ ಸಿಟ್ಟು ಬಂದಿತ್ತು. ಬೈಯಲು ಬಾಯಿ ತೆರೆದವರು ಹಾಗೇ ನಿಂತರು. ತಾವು ಎದ್ದು ಹೋದ ಐದು ನಿಮಿಷಕ್ಕೆ ತಮ್ಮ ಕಂಪ್ಯೂಟರು ನಿದ್ದೆ ಹೋಗುತ್ತದೆ. ತಾವು ಮರಳಿ ಕೂತಾಗ ಅದೂ ಏಳುತ್ತದೆ. ಅಂದರೆ ಕಾಲ್ಗುಣ ತಮ್ಮದಲ್ಲ, ಅದರದು. ಅದರದ್ದೂ ಅಲ್ಲ, ಇಂದು ಹನ್ನೊಂದು ಗಂಟೆಗೆ ತಾವು ಅದಕ್ಕೆ ಕೊಟ್ಟ ನಂಬರಿನದು.

ಕೀಲಿ ಕಿತ್ತು, ಕಂಪ್ಯೂಟರು ಆರಿಸಿ, ಏನೂ ಆಗದವರಂತೆ ಕೂತರೆ ಕಚೇರಿಯ ನೆಟ್ ತಾನಾಗಿಯೇ ಸರಿಯಾಗುತ್ತಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ. ಆದರೆ ಸಬಾಳ ಕಾಗದ ಹೋಗಬೇಕಾದದ್ದು ಅದೇ ಕಂಪ್ಯೂಟರಿನಿಂದ. ಅದಕ್ಕೆ ಬೇರೆ ನಂಬರು ಬೇಕು, ಯಾವುದು ಕೊಡಬೇಕೆಂದು ಕೇಳಲು ಮೆಹಬೂಬನೇ ಬೇಕು. ಅವನನ್ನು ಕೇಳಬೇಕೆಂದರೆ ಮಾಡಿದ್ದನ್ನು ಹೇಳಬೇಕು. ಅವರ ಮೊಬೈಲಿನ ಕಿವಿಯ ಸ್ಪೀಕರು ಕೆಟ್ಟು ಆರು ತಿಂಗಳಾಗಿತ್ತು. ಯಾರ ಜೊತೆ ಏನು ಮಾತಾಡಿದರೂ ಊರಿಗೆಲ್ಲ ಕೇಳುವಂತೆ ಹಚ್ಚಿಯೇ ಮಾತಾಡಬೇಕಿತ್ತು.

ಮದೀನಾಬೀ ಬೆಂಚಿನಿಂದ ಎದ್ದು ಹತ್ತಿರ ಬಂದಳು. “ಆಗಂಗಿಲ್ಲಂದ್ರ ಹೇಳಿಬಿಡ್ರಿ ಸಾಬ್. ನೀವು ಮೂರು ವರ್ಷ ಓಡಾಡೀರಿ. ನಿಮ್ಮ ತಪ್ಪಿಲ್ಲ ಇದ್ರಾಗ.”

ಅದೊಂದು ಮಾತು ಆಕೆ ಆಡದಿದ್ದರೆ ರಂಗಣ್ಣನವರು ಇನ್ನೂ ಹತ್ತು ನಿಮಿಷ ಯೋಚಿಸುತ್ತಿದ್ದರೋ ಏನೋ. ಫೋನು ಹಚ್ಚಿ ಮೇಜಿನ ಮೇಲೆ ಇಟ್ಟರು.

“ಮೆಹಬೂಬ, ನಂಬರ್ ನಾನ ಮುಟ್ಟೀನಿ.”

“ಏನ್ ಮಾಡೀರಿ ಸಾಹೇಬ್ರ?”

“ಒಂದು ಮಾಡ್ಕೊಂಡೀನಿ.”

ಬೋನಾಳದ ಕಡೆಯಿಂದ ಕೋಳಿ ಕೂಗಿದ್ದು ಕೇಳಿಸಿತು. ಆಮೇಲೆ ಮೆಹಬೂಬನ ನಗು.

“ಯಾ ಅಲ್ಲಾ! ಅದಕ್ಕ ಹಿಂಗಾಗ್ಯಾದ. ಸಾಹೇಬ್ರ, ಒಂದನೇ ನಂಬರ್ ಅಂದ್ರ ಮಾಲಕ ಅಲ್ರಿ. ದರ್ವಾಜಿದಾಗ ನಿಂದ್ರೋ ಮನುಷ್ಯಾ ಅದು. ಎಲ್ಲಾ ಕಂಪ್ಯೂಟರ್ ಹೊರಗ ಹೋಗೂ ದಾರಿ ಅದಕ್ಕ ಕೇಳ್ತಾವು. ಈಗ ಅವು ಬಂದು ನಿಮಗ ಕೇಳಾಕತ್ತಾವು. ನಿಮಗ ದಾರಿ ಗೊತ್ತದೇನ್ರಿ?”

“ಇಲ್ಲ.”

“ನಿಮ್ಮ ಕಂಪ್ಯೂಟರ್‌ದ್ದು ಇನ್ನಾ ಮಜಾ. ಅದು ದಾರಿ ತನಗ ತಾನ ಕೇಳ್ಕೊಂಡು ಕುಂತದ.”

ಯಾರೂ ನಗಲಿಲ್ಲ. ಭುವನೇಶ್ವರಿ ಕೂಡ. ಎಲ್ಲರೂ ಗಡಿಯಾರ ನೋಡಿದರು. ನಾಲ್ಕೂವರೆ.

“ನಿಮ್ಮ ಎರಡು ವಾಪಸ್ ಹಾಕ್ರಿ, ಮುಗೀತು.”

“ಎರಡು ಮೇಡಂಗ ಕೊಟ್ಟೀನಿ.”

“ಮೂರು ಹಾಕ್ರಿ ಹಂಗಾದ್ರ.”

“ಮೂರು ಮರಿಲಿಂಗಂದು.”

“ಎಲ್ಲಾರಿಗೂ ಪ್ರಮೋಷನ್ ಕೊಟ್ಟೀರೇನ್ರಿ ಸಾಹೇಬ್ರ! ನಾಕು ಖಾಲಿ ಅದ ಅಲಾ? ಅದನ್ನ ಹಾಕ್ರಿ. ಕೆಳಗಿನ ಖಾನೆದಾಗ ಒಂದು ಇರ್ಲಿ, ಅದು ಮುಟ್ಟಬ್ಯಾಡ್ರಿ.”

ನಾಲ್ಕು ಎಂದರೆ ಪಟ್ಟಿಯಲ್ಲಿ ಮನುಷ್ಯರ ಪೈಕಿ ಕೊನೆಯದು. ಅದರ ಕೆಳಗೆ ಪ್ರಿಂಟರು. ರಂಗಣ್ಣನವರು ಒಂದನ್ನು ಅಳಿಸಿದರು. ನಾಲ್ಕು ಬರೆಯುವಾಗ ಬೆರಳು ಜರಾ ನಿಂತಿತು, ಅಷ್ಟೆ. ಮೆಹಬೂಬ ಹೇಳಿದಂತೆ ಎಲ್ಲ ಕಂಪ್ಯೂಟರುಗಳನ್ನೂ ಪೆಟ್ಟಿಗೆಯನ್ನೂ ಆರಿಸಿ ಹಚ್ಚಿದರು. ಹಳೆಯ ಕಂಪ್ಯೂಟರು ಎಚ್ಚರಾಗಲು ಏಳು ನಿಮಿಷ ತೆಗೆದುಕೊಂಡಿತು. ಅಷ್ಟೂ ಹೊತ್ತು ರಂಗಣ್ಣನವರು ಕುರ್ಚಿಯಲ್ಲಿ ಕೂರಲಿಲ್ಲ, ತಾವು ಕೂತರೆ ಏನಾದೀತೋ ಎಂದು ಪಕ್ಕದಲ್ಲೇ ನಿಂತಿದ್ದರು.

ನಿಂತಿದ್ದಾಗ ದಸ್ತಗೀರ ನೆನಪಾದ. ಮೂವತ್ತು ಹಳ್ಳಿಯ ನೀರು ಅವನ ಗೇಟು ದಾಟಿಯೇ ಹೋಗುತ್ತಿತ್ತು. ಹಾಜರಿ ಪುಸ್ತಕದಲ್ಲಿ ಅವನದು ಕಟ್ಟಕಡೆಯ ಸಾಲು, ಹೆಬ್ಬೆರಳಿನಷ್ಟು ಜಾಗದಲ್ಲಿ ಸಣ್ಣ ಸಹಿ. ಅದರ ಬಗ್ಗೆ ಅವನು ಒಮ್ಮೆಯೂ ತಕರಾರು ಮಾಡಿದ್ದು ರಂಗಣ್ಣನವರಿಗೆ ನೆನಪಿಲ್ಲ. ಡಬ್ಬಿಯ ಮಾಂಸದ ಖೈಮಾದಲ್ಲಿ ಉಪ್ಪು ಕಡಿಮೆಯಾದರೆ ಮಾತ್ರ ಮಾಡುತ್ತಿದ್ದ.

ನಾಲ್ಕು ನಲವತ್ತೆಂಟಕ್ಕೆ ಪೋರ್ಟಲ್ ತೆರೆಯಿತು. ಕೀಲಿ ಚುಚ್ಚಿ, ಒಂದೊಂದೇ ಕಾಗದ ಏರಿಸಿದರು. ಕೊನೆಯದು ಶಾರುಖ್‌ನ ನೋಟರಿ ಕಾಗದ. ಕಾಗದ ಎಷ್ಟು ಏರಿತೆಂದು ತೋರಿಸುವ ಗೆರೆ ಅರ್ಧಕ್ಕೆ ಬಂದು ನಿಂತಾಗ ಮದೀನಾಬೀಯ ತುಟಿಗಳು ಸದ್ದಿಲ್ಲದೆ ಅಲುಗಿದವು, ಭುವನೇಶ್ವರಿ ಕಣ್ಣು ಮುಚ್ಚಿಕೊಂಡಳು. ಗೆರೆ ಮುಂದೆ ಸರಿಯಿತು. ನಾಲ್ಕು ಐವತ್ತಾರಕ್ಕೆ ಸ್ವೀಕೃತಿ ಸಂಖ್ಯೆ ಬಂತು. ಹದಿಮೂರು ಅಂಕಿಯ ಸಂಖ್ಯೆ. ಪ್ರಿಂಟರು ಕೂಡಲೇ ಗುರುತು ಹಿಡಿದು ಹಾಳೆ ಉಗುಳಿತು.

ಸಬಾ ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು, “ಕಾಕಾ, ಹೋತೇನ್ರಿ?” ಎಂದಳು.

“ಹೋತವ್ವ. ಇನ್ನ ಮ್ಯಾಲಿನವ್ರ ಕೆಲಸ. ನಮ್ಮ ಗೇಟ್ ದಾಟ್ಯಾದ.”

ಮದೀನಾಬೀ ಸೆರಗಿನಿಂದ ಮುಖ ಒರೆಸಿಕೊಂಡು, “ನನಗ ಈ ನಂಬರ್ ಗಿಂಬರ್ ಏನೂ ತಿಳಿಲಿಲ್ರಿ ಸಾಬ್,” ಎಂದಳು.

“ತಿಳಿಯೂದು ಬ್ಯಾಡ ಬೆಹೆನ್,” ಎಂದರು ರಂಗಣ್ಣನವರು, ಸ್ವಲ್ಪ ಅವಸರದಲ್ಲಿ. “ಟೆಕ್ನಿಕಲ್ ವಿಷಯ ಅದು.”

ತಾಯಿ ಮಗಳು ಹೋದ ಮೇಲೆ ಭುವನೇಶ್ವರಿ ಮೆಲ್ಲಗೆ, “ನಿಮ್ಮ ಎರಡು ವಾಪಸ್ ತಗೊಳ್ರಿ ಸರ್ರ. ನಾ ಏನೂ ಅನ್ನಂಗಿಲ್ಲ,” ಎಂದಳು. ಆ ದನಿಯಲ್ಲಿ ಖಾರ ಇರಲಿಲ್ಲ.

“ಕೊಟ್ಟ ಬಡ್ತಿ ವಾಪಸ್ ತಗೊಳ್ಳಾಕ ನಿಯಮದಾಗ ಅವಕಾಶ ಇಲ್ಲ ಮೇಡಂ.”

ಮರುದಿನ ಬೆಳಿಗ್ಗೆ ಅವರು ಮಾಡಿಸಿದ ಮೊದಲ ಕೆಲಸ, ಅಲ್ಮೇರಾದ ಮೇಲಿನ ಪೆಟ್ಟಿಗೆಯ ವೈರನ್ನು ಯುಪಿಎಸ್‌ಗೆ ಹಾಕಿಸಿದ್ದು. ಎರಡನೆಯದು, ಗೋಡೆಯ ಪಟ್ಟಿಯನ್ನು ಹೊಸದಾಗಿ ಟೈಪು ಮಾಡಿಸಿದ್ದು. ಒಂದು ರೂಟರ್, ಎರಡು ಭುವನೇಶ್ವರಿ, ಮೂರು ಮರಿಲಿಂಗ. ನಾಲ್ಕನೇ ಸಾಲಿನಲ್ಲಿ, ಉಳಿದೆಲ್ಲಕ್ಕಿಂತ ಎರಡು ಪಟ್ಟು ದಪ್ಪ ಅಕ್ಷರದಲ್ಲಿ, ‘ಶ್ರೀ ರಂಗಣ್ಣ, ಪ್ರಭಾರಿ ಅಧೀಕ್ಷಕರು’ ಎಂದಿತ್ತು.

“ಕೆಳಗ ಐದು ಅಂತ ಹಾಕಿ ಮುಂದ ಖಾಲಿ ಬಿಡು,” ಎಂದರು ಮರಿಲಿಂಗನಿಗೆ.

“ಐದು ಯಾರಿಗ್ರಿ ಸರ್ರ?”

“ಬಿಡು ಅಂದ್ರ ಬಿಡಪಾ,” ಎಂದರು ರಂಗಣ್ಣನವರು, ಎಡಗೈಯ ಹತ್ತಿರದ ಕಡತವನ್ನು ನೇರ ಮಾಡುತ್ತ. “ಯಾರರ ಬರ್ತಾರ.”